ಹಳೆ ಜೀಪು, ಅಂಬಾಸಿಡರ್, ಪದ್ಮಿನಿ: ಎಳೆಯದಿದ್ದರೆ, ದಾರಿಯಲ್ಲಿ ಆಫ್ ಆದರೆ – ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಪಾಯಿಂಟ್ (ಕಿಡಿಗಾಗಿ ಕರೆಂಟು ಕಡಿಯುವ ಸ್ವಿಚ್ಚು), ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಡಬ್ಬಿ), ಕಾರ್ಬೊರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ) ಇರುವ ಹಳೆ ಪೆಟ್ರೋಲ್ ಗಾಡಿಗಳ ವಿಷಯ. 2.2 ಲೀಟರ್ ಎಫ್-ಹೆಡ್ (ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ಬ್ಲಾಕಿನಲ್ಲಿರುವ) ಎಂಜಿನ್ನಿನ ವಿಲ್ಲಿಸ್ ಮಾದರಿಯ ಮಹೀಂದ್ರ ಜೀಪು, 1489 ಸಿಸಿಯ ಅಂಬಾಸಿಡರ್, 1089 ಸಿಸಿಯ ಪದ್ಮಿನಿ, ಈ ಮೂರನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇವೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಕಡೆಯ ಮನೆಗಳಲ್ಲಿ ಇನ್ನೂ ಓಡುತ್ತಿರುವವು ಹೆಚ್ಚಾಗಿ ಇವೇ. ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಕೊಟ್ಟಿದ್ದೇವೆ. ಕೊಟ್ಟಿರುವ ಅಳತೆ ಕಂಪನಿಯ ಮೂಲ ಎಂಜಿನ್ನಿಗೆ. ನಿಮ್ಮ ಗಾಡಿಯ ಮ್ಯಾನ್ಯುವಲ್ ಬೇರೆ ಹೇಳಿದರೆ ಮ್ಯಾನ್ಯುವಲ್ಲೇ ಸರಿ.

## ಮೊದಲು ಇಷ್ಟು

ಗಾಡಿ ಆಫ್ ಆಗ್ತದೆ. ಪೆಟ್ರೋಲಿಂದೋ ಕರೆಂಟಿಂದೋ ಅಂತ ಹೇಗೆ ಗೊತ್ತಾಗೋದು?

ಹೇಗೆ ಆಫ್ ಆಯಿತು ಎನ್ನುವುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಕೀ ತಿರುಗಿಸಿದ ಹಾಗೆ ಒಂದೇ ಏಟಿಗೆ ನಿಂತರೆ ಕರೆಂಟು: ಕಾಯಿಲ್ (ವೋಲ್ಟೇಜ್ ಏರಿಸುವ ಭಾಗ), ಕಂಡೆನ್ಸರ್, ಪಾಯಿಂಟ್, ಇಗ್ನಿಷನ್ ಸ್ವಿಚ್ಚು, ಸಡಿಲ ವೈರು. ಜಗ್ಗಿ ಜಗ್ಗಿ, ಕಾರ್ಬೊರೇಟರ್ ಬಾಯಲ್ಲಿ ಫಟ್ ಫಟ್ ಎಂದು ಉಗುಳಿ, ಆಕ್ಸಿಲರೇಟರ್ ತುಳಿದಷ್ಟೂ ಸೊರಗಿ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಸೈಲೆನ್ಸರಿನಲ್ಲಿ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಎಂಜಿನ್ ಏರಿಳಿದು ನಿಂತರೆ ಪೆಟ್ರೋಲ್ ಹೆಚ್ಚಾಗಿದೆ: ತಣ್ಣನೆ ಸ್ಟಾರ್ಟಿಗೆ ಪೆಟ್ರೋಲ್ ಹೆಚ್ಚಿಸುವ ಚೋಕ್ ಸಿಕ್ಕಿಕೊಂಡಿದೆ, ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ತೂತಾಗಿದೆ ಅಥವಾ ಅದು ಮುಚ್ಚುವ ನೀಡಲ್ ಕೂರುತ್ತಿಲ್ಲ.

ನಿಂತ ಕೂಡಲೇ, ಎಂಜಿನ್ ತಣ್ಣಗಾಗುವ ಮೊದಲೇ ಪರೀಕ್ಷೆ ಮಾಡಬೇಕು. ಏರ್ ಫಿಲ್ಟರ್ ಪೈಪು ತೆಗೆದು, ಇಗ್ನಿಷನ್ ಆಫ್ ಇಟ್ಟು, ಕಾರ್ಬೊರೇಟರ್ ಗಂಟಲಲ್ಲಿ ನೋಡುತ್ತ ಥ್ರಾಟಲ್ ಎಳೆಯಿರಿ. ಸೋಲೆಕ್ಸ್, ಕಾರ್ಟರ್ ಕಂಪನಿಯ ಕಾರ್ಬೊರೇಟರ್ ಆದರೆ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಬೇಕು. ಎಸ್‌ಯು ಕಂಪನಿಯ ಕಾರ್ಬೊರೇಟರಿಗೆ ಹೀಗೆ ಧಾರೆ ಚಿಮ್ಮಿಸುವ ಪಂಪ್ ಇಲ್ಲ, ಅದಕ್ಕೆ ಫ್ಲೋಟ್ ಬಟ್ಟಲಿನ ಮುಚ್ಚಳವನ್ನೇ ತೆಗೆದು ನೋಡಬೇಕು. ಪೆಟ್ರೋಲ್ ಇದೆ ಎಂದಾದರೆ ಕಿಡಿ ನೋಡಿ. ಒಂದು ಪ್ಲಗ್ಗಿನ ವೈರು ಕಳಚಿ ಸ್ಪೇರ್ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಬ್ಲಾಕಿಗೆ ತಾಗಿಸಿ, ಇಗ್ನಿಷನ್ ಆನ್ ಮಾಡಿ ಸೆಲ್ಫ್ (ಸ್ಟಾರ್ಟರ್) ಹೊಡೆಯಿರಿ. ದಪ್ಪ ನೀಲಿ ಕಿಡಿ, ಚಟ್ ಎನ್ನುವ ಸದ್ದು ಬೇಕು. ತೆಳ್ಳಗೆ ಹಳದಿ ಬಣ್ಣದ ಕಿಡಿ ಇದ್ದರೂ ಇಲ್ಲದ ಲೆಕ್ಕವೇ. ಪೆಟ್ರೋಲ್ ಚೆಲ್ಲಿದ ಜಾಗದ ಹತ್ತಿರ ಮಾತ್ರ ಈ ಕೆಲಸ ಬೇಡ. ಚೆಲ್ಲಿದ್ದರೆ ಒರೆಸಿ, ಬಾನೆಟ್ ತೆರೆದಿಟ್ಟು, ಗಾಳಿಗೆ ಆರಿದ ಮೇಲೆ ಮಾಡಿ.

ಕಾರ್ಬೊರೇಟರ್ ಬಿಚ್ಚುವ ಆಸೆ ಎಲ್ಲರಿಗೂ ಮೊದಲು ಬರುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಕಾರ್ಬೊರೇಟರ್ ದೋಷ ಎಂದು ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ನಿಜವಾದ ಕಾಯಿಲೆ ಪಾಯಿಂಟು, ಕಂಡೆನ್ಸರಿನಲ್ಲೇ ಇರುತ್ತದೆ.

ಪ್ಲಗ್ಗಿಗೆ ಎಷ್ಟು, ಪಾಯಿಂಟಿಗೆ ಎಷ್ಟು ಗ್ಯಾಪ್ ಇಡಬೇಕು? ಒಬ್ಬೊಬ್ರು ಒಂದೊಂದು ಹೇಳ್ತಾರೆ

ಎಫ್-ಹೆಡ್ ಜೀಪಿಗೆ ಪ್ಲಗ್ 30 ಥೌ (ಇಂಚಿನ ಸಾವಿರದ ಒಂದು ಭಾಗವೇ ಒಂದು ಥೌ), ಅಂದರೆ 0.75 ಮಿ.ಮೀ. ಪಾಯಿಂಟ್ 20 ಥೌ, 0.5 ಮಿ.ಮೀ. 1489 ಸಿಸಿ ಅಂಬಾಸಿಡರಿಗೆ ಪ್ಲಗ್ 25 ಥೌ, ಪಾಯಿಂಟ್ 14ರಿಂದ 16 ಥೌ. ಪದ್ಮಿನಿಗೆ ಪ್ಲಗ್ 0.5ರಿಂದ 0.6 ಮಿ.ಮೀ., ಪಾಯಿಂಟ್ 0.42ರಿಂದ 0.48 ಮಿ.ಮೀ. ಮೂರಕ್ಕೂ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಬೀಳುವ ಸರದಿ, 1-3-4-2. ಒಬ್ಬೊಬ್ಬರು ಒಂದೊಂದು ಹೇಳುವುದು ಏಕೆಂದರೆ ಜೀಪಿನ ಲೆಕ್ಕವನ್ನು ಕಾರಿಗೂ, ಕಾರಿನದನ್ನು ಜೀಪಿಗೂ ಹಾಕುತ್ತಾರೆ.

ಗ್ಯಾಪ್ ನೋಡುವಾಗ ಪಾಯಿಂಟಿನ ಫೈಬರ್ ಹಿಮ್ಮಡಿ ಕ್ಯಾಮಿನ ಮೂಲೆಯ ನೆತ್ತಿಯ ಮೇಲೆ ಸರಿಯಾಗಿ ಕೂತಿರಬೇಕು. ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿ, ಇಲ್ಲವೇ ಟಾಪ್ ಗೇರಿನಲ್ಲಿ ಗಾಡಿಯನ್ನು ಇಷ್ಟಿಷ್ಟೇ ತಳ್ಳಿ. ಗ್ಯಾಪ್ ಅಳೆಯುವ ಫೀಲರ್ ಗೇಜಿನ ಎಣ್ಣೆ ಒರೆಸಿಯೇ ಒಳಗೆ ಹಾಕಿ. ಎಣ್ಣೆ ಹತ್ತಿದ ಪಾಯಿಂಟ್ ಕೆಲವೇ ದಿನದಲ್ಲಿ ಸುಟ್ಟು ಕಪ್ಪಾಗುತ್ತದೆ. ಒಂದು ಕಡೆ ಗುಳಿ, ಇನ್ನೊಂದು ಕಡೆ ದಿಬ್ಬ ಎದ್ದಿರುವ ಪಾಯಿಂಟಿಗೆ ಗೇಜ್ ಹಾಕಿದರೆ ಸಿಗುವುದು ಸುಳ್ಳು ಅಳತೆ. ಎಮರಿಯಲ್ಲಿ ಉಜ್ಜಿ ಉಜ್ಜಿ ಕಾಲ ಕಳೆಯುವ ಬದಲು ಹೊಸದು ಹಾಕಿ. ಹಿಮ್ಮಡಿಗೆ ಗ್ರೀಸ್ ಕಡ್ಡಿ ತುದಿಯಷ್ಟು ಸಾಕು. ಇನ್ನೊಂದು ಮಾತು: ಗ್ಯಾಪ್ ಬದಲಾದರೆ ಟೈಮಿಂಗ್ (ಕಿಡಿ ಬೀಳುವ ಹೊತ್ತು) ಕೂಡ ಬದಲಾಗುತ್ತದೆ. ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ತಿರುಗಾಮುರುಗಾ ಮಾಡಿದರೆ ಎರಡೂ ಹಾಳು.

ಗಾಡೀಲಿ ಯಾವ ಯಾವ ಸಾಮಾನು ಇಟ್ಕೊಂಡಿರ್ಬೇಕು?

ಪಾಯಿಂಟ್ ಸೆಟ್, ಕೆಲಸ ಮಾಡುತ್ತದೆ ಎಂದು ಒಮ್ಮೆ ಹಾಕಿ ನೋಡಿದ ಕಂಡೆನ್ಸರ್, ರೋಟರ್ (ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ತುಂಡು), ಒಂದು ಕಾಯಿಲ್, ಎರಡು ಪ್ಲಗ್, ಫ್ಯಾನ್ ಬೆಲ್ಟ್. ಒಂದು ಮೀಟರ್ ಪೆಟ್ರೋಲ್ ಹೋಸು, ನಾಲ್ಕು ಕ್ಲಾಂಪು, ಫೀಲರ್ ಗೇಜ್, ಪ್ಲಗ್ ಸ್ಪಾನರ್, 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಒಣ ಹತ್ತಿ ಬಟ್ಟೆ. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ, ಆಷಾಢದಲ್ಲಿ ಡ್ಯಾಶ್‌ಬೋರ್ಡಿನೊಳಗೂ ಬಟ್ಟೆ ಒದ್ದೆಯಾಗುತ್ತದೆ.

## ಮಳೆ, ಹೊಳೆ, ಘಾಟಿ

ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟೇ ಆಗಲ್ಲ, ಸ್ಟಾರ್ಟ್ ಆದ್ರೂ ಮಿಸ್ಸಿಂಗ್ (ಕಿಡಿ ತಪ್ಪಿ ಜಗ್ಗೋದು) ಹೊಡೀತದೆ. ಸ್ವಲ್ಪ ಬಿಸಿಲು ಬಿದ್ರೆ ಎಲ್ಲ ಸರಿ. ಎಂತ ಇದು?

ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ಪ್ಲಗ್ ವೈರುಗಳ ಮೇಲೆ ಕೂತ ತೇವ. ಸಾವಿರಾರು ವೋಲ್ಟಿನ ಕರೆಂಟಿಗೆ ಪ್ಲಗ್ಗಿನ ಗ್ಯಾಪ್ ಹಾರುವುದಕ್ಕಿಂತ ಒದ್ದೆ ಮೈಮೇಲೆ ಹರಿದು ಬಾಡಿಗೆ ಇಳಿಯುವುದೇ ಸುಲಭ.

ಕ್ಯಾಪ್ ತೆಗೆದು ಒಳಗೂ ಹೊರಗೂ ಒಣ ಬಟ್ಟೆಯಲ್ಲಿ ಒರೆಸಿ. ತೇವ ಓಡಿಸುವ ಸ್ಪ್ರೇ ಇದ್ದರೆ ತೆಳ್ಳಗೆ ಹೊಡೆದು ಮತ್ತೆ ಒರೆಸಿ. ಆಮೇಲೆ ಟಾರ್ಚ್ ಹಿಡಿದು ಕ್ಯಾಪಿನ ಒಳಗೆ ಒಂದು ಹಿತ್ತಾಳೆ ಕಾಲಿನಿಂದ ಇನ್ನೊಂದಕ್ಕೆ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಕಪ್ಪು ಗೆರೆ ಇದೆಯೇ ನೋಡಿ. ಇದ್ದರೆ ಅದು ಕರೆಂಟು ಸುಟ್ಟ ದಾರಿ. ಎಷ್ಟು ಒಣಗಿಸಿದರೂ ಅದು ಕರೆಂಟು ಹಾಯಿಸುತ್ತಲೇ ಇರುತ್ತದೆ, ಕ್ಯಾಪ್ ಬದಲಾಯಿಸುವುದೊಂದೇ ದಾರಿ. ರೋಟರಿನ ತಳದಲ್ಲೂ ಇಂಥ ಗೆರೆ ಬರುತ್ತದೆ. ಕ್ಯಾಪಿನ ನಡುವಿನ ಕಾರ್ಬನ್ ಕಡ್ಡಿ ಸ್ಪ್ರಿಂಗಿನಲ್ಲಿ ಒಳಗೆ ಹೊರಗೆ ಆಡಬೇಕು, ಸಿಕ್ಕಿಕೊಂಡಿರಬಾರದು.

ವೈರು ನೋಡಲು ರಾತ್ರಿಯೇ ಒಳ್ಳೆಯದು. ಲೈಟೆಲ್ಲ ಆರಿಸಿ ಎಂಜಿನ್ ಓಡಿಸಿ ಬಾನೆಟ್ ಎತ್ತಿದರೆ ಸೋರುವ ಕಡೆ ನೀಲಿ ಕಿಡಿ ತಾನಾಗಿ ಕಾಣುತ್ತದೆ. ವೈರಿಗೆ, ಕ್ಯಾಪಿಗೆ ಸಿಕ್ಕ ಗ್ರೀಸ್ ಮೆತ್ತುವ ಅಭ್ಯಾಸ ನಮ್ಮ ಕಡೆ ಇದೆ. ಅದಕ್ಕೆ ಧೂಳು ಅಂಟಿ, ಧೂಳಿಗೆ ತೇವ ಅಂಟಿ, ಮುಂದಿನ ಮಳೆಗೆ ಇನ್ನೂ ಕೆಡುತ್ತದೆ. ರಬ್ಬರ್ ಬೂಟು ಹರಿದಿದ್ದರೆ ಬೂಟನ್ನೇ ಬದಲಾಯಿಸಿ.

ಹೊಳೆ ದಾಟುವಾಗ ಜೀಪು ನಿಂತುಬಿಡ್ತು. ಮತ್ತೆ ಸೆಲ್ಫ್ ಹೊಡೀಬಹುದಾ?

ಹೊಡೆಯಬೇಡಿ. ಫ್ಯಾನು ಎರಚಿದ ನೀರು ಡಿಸ್ಟ್ರಿಬ್ಯೂಟರಿಗೆ ಬಿದ್ದು ನಿಂತಿದ್ದರೆ ಒರೆಸಿದರೆ ಮುಗಿಯಿತು. ಆದರೆ ಏರ್ ಫಿಲ್ಟರಿನಿಂದ ನೀರು ಒಳಗೆ ಹೋಗಿದ್ದರೆ ಸಿಲಿಂಡರಿನಲ್ಲಿ ನೀರಿದೆ, ನೀರನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿಯನ್ನು ಎಳೆದು ದಡಕ್ಕೆ ತಂದು ನಾಲ್ಕೂ ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಇಟ್ಟು, ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಿ. ನೀರಿದ್ದರೆ ಪ್ಲಗ್ಗಿನ ತೂತಿನಿಂದ ಚಿಮ್ಮುತ್ತದೆ. ಪೂರ್ತಿ ಹೋದ ಮೇಲೆ ಪ್ರತಿ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನಾಲ್ಕು ಸುತ್ತು ತಿರುಗಿಸಿ.

ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸದೆ ಓಡಿಸಬೇಡಿ. ಜೀಪಿನ ಆಯಿಲ್ ಬಾತ್ ಏರ್ ಫಿಲ್ಟರಿನ ಬಟ್ಟಲನ್ನೂ ಬಿಚ್ಚಲೇಬೇಕು. ನೀರು ತಳದಲ್ಲಿ ಕೂತು ಎಣ್ಣೆಯನ್ನು ಮೇಲೆತ್ತಿರುತ್ತದೆ, ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ದಟ್ಟ ಹೊಗೆ ಬಿಟ್ಟು ಸೊರಗುತ್ತದೆ. ದಾಟುವ ಮೊದಲು ಫ್ಯಾನ್ ಬೆಲ್ಟ್ ಸಡಿಲ ಮಾಡಿದರೆ ನೀರು ಎರಚುವುದಿಲ್ಲ, ದಡ ಸೇರಿದ ಕೂಡಲೇ ಬಿಗಿ ಮಾಡಲು ಮರೆಯಬಾರದು. ತಳ ಕಾಣದ ಕೆಂಪು ನೀರಿಗೆ ಇಳಿಯಲೇಬೇಡಿ, ಅಲ್ಲಿ ಎಂಜಿನ್ನಿನ ಪ್ರಶ್ನೆಯೇ ಬರುವುದಿಲ್ಲ.

ಆಗುಂಬೆ ಘಾಟಿ ಅರ್ಧ ಹತ್ತಿದ ಮೇಲೆ ಎಳೆಯೋದೇ ಇಲ್ಲ, ಆಮೇಲೆ ಆಫ್. ಹತ್ತು ನಿಮಿಷ ನಿಲ್ಸಿದ್ರೆ ಏನೂ ಆಗದ ಹಾಗೆ ಹೋಗ್ತದೆ

ಹೆಚ್ಚು ಬರುವ ಪ್ರಶ್ನೆ ಇದೇ. ಒಂದೇ ಲಕ್ಷಣಕ್ಕೆ ಮೂರು ಕಾರಣ ಇರುವುದರಿಂದ ತಪ್ಪು ರಿಪೇರಿ ಆಗುವುದೂ ಇದರಲ್ಲೇ. ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವು, ಬಹುಪಾಲು ಸೆಕೆಂಡ್ ಗೇರು, ಕೆಲವು ಕಡೆ ಫಸ್ಟು. ಎಂಜಿನ್ ಪೂರ್ತಿ ಭಾರ ಹೊರುತ್ತಿದೆ, ವೇಗ ಇಲ್ಲದ್ದರಿಂದ ಗಾಳಿ ಹೊಡೆಯುವುದಿಲ್ಲ. ಬಯಲಲ್ಲಿ ಅಡಗಿದ್ದ ದೋಷ ಇಲ್ಲಿ ಹೊರಗೆ ಬರುತ್ತದೆ.

ಸೊರಗಲು ಶುರುವಾದ ಆ ಕ್ಷಣದಲ್ಲೇ ಚೋಕನ್ನು ಕಾಲು ಭಾಗ ಎಳೆಯಿರಿ. ಗಾಡಿ ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ. ಏನೂ ವ್ಯತ್ಯಾಸ ಆಗದೆ ಮಿಸ್ಸಿಂಗ್ ಹಾಗೇ ಇದ್ದರೆ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಸೋಲುತ್ತಿದೆ, ಅದರ ಪರೀಕ್ಷೆ ಕೆಳಗೆ ಕಿಡಿಯ ಭಾಗದಲ್ಲಿದೆ.

ಪೆಟ್ರೋಲ್ ಸಾಲದಿರುವುದರಲ್ಲೂ ಎರಡು ಬಗೆ. ತಂಪು ಬೆಳಿಗ್ಗೆ ಹೊರಟರೂ ಅದೇ ಏರಿನಲ್ಲಿ ಸೊರಗಿದರೆ ದಾರಿ ಕಟ್ಟಿದೆ: ಟ್ಯಾಂಕಿನೊಳಗಿನ ಜಾಲರಿ, ಕಸ ಕೂರುವ ಸೆಡಿಮೆಂಟ್ ಬಟ್ಟಲು, ಪಂಪಿನ ಮೇಲಿನ ಜಾಲರಿ, ಕಾರ್ಬೊರೇಟರಿಗೆ ಪೈಪು ಸೇರುವ ಕಡೆಯ ಸಣ್ಣ ಜಾಲರಿ. ಈ ಕೊನೆಯದು ಇದೆ ಎಂದೇ ಬಹಳ ಜನರಿಗೆ ಗೊತ್ತಿರುವುದಿಲ್ಲ. ಮಾರ್ಚ್–ಏಪ್ರಿಲ್ ಮಧ್ಯಾಹ್ನ, ಲಾರಿಯ ಹಿಂದೆ ತೆವಳುವಾಗ ಮಾತ್ರ ಆದರೆ ಅದು ವೇಪರ್ ಲಾಕ್, ನಮ್ಮ ಮೆಕ್ಯಾನಿಕ್‌ಗಳು ಏರ್ ಲಾಕ್ ಎನ್ನುವುದು ಇದಕ್ಕೇ. ಪೈಪಿನಲ್ಲೇ ಪೆಟ್ರೋಲ್ ಕುದ್ದು ಆವಿಯಾಗುತ್ತದೆ, ಪಂಪಿನ ಡಯಾಫ್ರಮ್ ಆವಿಯನ್ನು ಹಿಂಡುತ್ತ ಕೂರುತ್ತದೆ, ದ್ರವ ಮುಂದೆ ಹೋಗುವುದಿಲ್ಲ.

ತಕ್ಷಣಕ್ಕೆ ನೆರಳಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಪಂಪು ಮತ್ತು ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ನೀರನ್ನು ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಸುರಿಯಬಾರದು, ಬೀಡುಕಬ್ಬಿಣ ಬಿರುಕು ಬಿಡುತ್ತದೆ. ಶಾಶ್ವತ ಪರಿಹಾರ ಬೇಕಿದ್ದರೆ ಪೈಪನ್ನು ಎಕ್ಸಾಸ್ಟಿನಿಂದ ಐದು ಸೆಂಟಿಮೀಟರಾದರೂ ದೂರ ಸರಿಸಿ, ಅದು ಆಗದ ಕಡೆ ಗ್ಲಾಸ್ ಫೈಬರ್ ತೋಳು ತೊಡಿಸಿ. ಪಂಪು ಮತ್ತು ಬ್ಲಾಕಿನ ನಡುವಿನ ಬೇಕಲೈಟ್ ತುಂಡು ಕಳೆದುಹೋಗಿದ್ದರೆ ಅಷ್ಟೇ ದಪ್ಪದ್ದನ್ನು ಹಾಕಿ. ದಪ್ಪ ಹೆಚ್ಚಾದಷ್ಟೂ ಒಳ್ಳೆಯದು ಎಂದುಕೊಂಡು ಎರಡೆರಡು ಹಾಕಿದರೆ ಪಂಪಿನ ಕೈ ಕ್ಯಾಮಿನಿಂದ ದೂರವಾಗಿ ಹೊಡೆತ ಕಿರಿದಾಗುತ್ತದೆ, ಹೊಸ ತೊಂದರೆ ಶುರು.

ಎತ್ತರಕ್ಕೆ ಹೋದ ಹಾಗೆ ಪವರ್ ಕಮ್ಮಿ ಆಗೋದು ಸಹಜ ಅಂತಾರೆ, ಹೌದಾ?

ಹೌದು, ಆದರೆ ಜನ ಹೇಳುವಷ್ಟಲ್ಲ. ಆಗುಂಬೆ ಸುಮಾರು 640 ಮೀಟರ್, ಅಲ್ಲಿ ಗಾಳಿ ಸಮುದ್ರ ಮಟ್ಟಕ್ಕಿಂತ ಶೇ. 6ರಷ್ಟು ತೆಳು. 1343 ಮೀಟರಿನ ಕೊಡಚಾದ್ರಿಯಲ್ಲಿ ಶೇ. 12, 1930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಶೇ. 17ರ ಆಸುಪಾಸು. ಪವರ್ ಕೂಡ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಗಾಳಿ ತೆಳುವಾದರೂ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಅದೇ ಇರುವುದರಿಂದ ಪೆಟ್ರೋಲ್ ಸ್ವಲ್ಪ ಹೆಚ್ಚಾಗಿ ಪ್ಲಗ್ ಕಪ್ಪಾಗಬಹುದು. ಆಗುಂಬೆಯಲ್ಲಿ ಅರ್ಧ ಪವರ್ ಹೋಯಿತು ಎಂದರೆ ತಪ್ಪು ಎತ್ತರದ್ದಲ್ಲ.

ಇಳಿಜಾರಲ್ಲಿ, ತಿರುವಲ್ಲಿ ಮಾತ್ರ ಆಫ್ ಆಗ್ತದೆ

ಇದು ಅಪಾಯದ ಲಕ್ಷಣ, ಮುಂದೂಡಬೇಡಿ. ಅಂಬಾಸಿಡರ್, ಪದ್ಮಿನಿಯಲ್ಲಿ ಸ್ಟೀರಿಂಗಿಗೆ ಎಂಜಿನ್ನಿನ ಸಹಾಯ ಇಲ್ಲದ್ದರಿಂದ ತಿರುಗಿಸಬಹುದು, ಆದರೆ ಬ್ರೇಕ್ ಬೂಸ್ಟರ್ ಹಾಕಿಸಿದ್ದರೆ ಎಂಜಿನ್ ನಿಂತ ಮೇಲೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಪೆಡಲ್ ಗಟ್ಟಿಯಾಗುತ್ತದೆ. ಕಾರಣ ಸಾಮಾನ್ಯವಾಗಿ ಫ್ಲೋಟ್ ಲೆವೆಲ್: ಬಟ್ಟಲು ವಾಲಿದಾಗ ಪೆಟ್ರೋಲ್ ಒಂದು ಕಡೆ ಸರಿದು ಜೆಟ್ ಬರಿದಾಗುತ್ತದೆ, ಅಥವಾ ಲೆವೆಲ್ ಹೆಚ್ಚಿದ್ದು ಉಕ್ಕಿ ಎಂಜಿನ್ ಮುಳುಗುತ್ತದೆ. ಟ್ಯಾಂಕಿನಲ್ಲಿ ಐದಾರು ಲೀಟರ್ ಮಾತ್ರ ಇದ್ದಾಗ ಆಗುತ್ತಿದ್ದರೆ ಟ್ಯಾಂಕೊಳಗಿನ ಪೈಪು ಗಾಳಿ ಎಳೆಯುತ್ತಿದೆ. ಎರಡೂ ಅಲ್ಲದಿದ್ದರೆ ಎಂಜಿನ್ ವಾಲಿದಾಗ ಎಳೆದುಕೊಳ್ಳುವ ವೈರು ಹುಡುಕಿ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರು, ಹೊರಗೆ ಗಟ್ಟಿ ಕಂಡರೂ ಪ್ಲಾಸ್ಟಿಕ್ಕಿನೊಳಗೆ ಎಳೆ ತುಂಡಾಗಿರುತ್ತದೆ. ಎಂಜಿನ್ ಮೌಂಟಿಂಗ್ ಹರಿದಿದ್ದರೆ ಇದು ಇನ್ನೂ ಹೆಚ್ಚು.

## ಪೆಟ್ರೋಲ್

ಟ್ಯಾಂಕ್ ಮುಚ್ಚಳ ತೆಗೆದ್ರೆ ಉಸ್ ಅಂತ ಸದ್ದು ಬರ್ತದೆ. ಆಮೇಲೆ ಗಾಡಿ ಓಡ್ತದೆ!

ಗಾಳಿ ಒಳಗೆ ಬರುವ ತೂತು ಮುಚ್ಚಿದೆ. ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿನಲ್ಲಿ ನಿರ್ವಾತ ಹೆಚ್ಚಿ ಪಂಪಿಗೆ ಎಳೆಯಲು ಆಗುವುದಿಲ್ಲ. ಜೀಪಿನಲ್ಲಿ ಮುಚ್ಚಳದಲ್ಲೇ ತೂತಿರುತ್ತದೆ. ಬೇರೆ ಗಾಡಿಯ ಮುಚ್ಚಳ ಹಾಕಿದ್ದರೆ ತೂತೇ ಇಲ್ಲದಿರಬಹುದು. ಟ್ಯಾಂಕಿನಿಂದ ಸಣ್ಣ ವೆಂಟ್ ಪೈಪು ಬಂದಿದ್ದರೆ ಅದರ ಬಾಯಿ ನೋಡಿ: ನಮ್ಮ ಕಡೆ ನಿಲ್ಲಿಸಿಟ್ಟ ಗಾಡಿಯ ಇಂಥ ಪೈಪಿನಲ್ಲಿ ಕಣಜದ ಹುಳ ಮಣ್ಣು ಕಟ್ಟಿರುತ್ತದೆ. ತೆಳು ತಂತಿ ಹಾಕಿ ಕೆದಕಿ, ಗಾಳಿ ಹೊಡೆಸಿ, ಬಾಯಿಗೆ ಜಾಲರಿ ಕಟ್ಟಿ.

ಈಗಿನ ಎಥೆನಾಲ್ ಪೆಟ್ರೋಲ್ ಹಾಕಿದ ಮೇಲೆ ಪಿಕಪ್ಪೇ ಇಲ್ಲ. ಪೆಟ್ರೋಲಿಂದೇ ತಪ್ಪಾ?

ಸ್ವಲ್ಪ ಹೌದು. ಶೇ. 20 ಎಥೆನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರವರಿಯಿಂದ ಬಂಕುಗಳಿಗೆ ಬಂತು. ಲೀಟರಿಗೆ ಸಿಗುವ ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ. 6–7 ಕಡಿಮೆ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆ ಜೆಟ್ಟಿಗೆ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಪ್ಲಗ್ಗಿನ ಪಿಂಗಾಣಿ ಕಂದು ಬದಲು ಬೆಳ್ಳಗಿದ್ದರೆ, ಏರಿನಲ್ಲಿ ಕಾರ್ಬೊರೇಟರ್ ಉಗುಳಿದರೆ ಮೇನ್ ಜೆಟ್ ಒಂದು ಮೆಟ್ಟಿಲು ದೊಡ್ಡದು ಹಾಕಿ. ಸೋಲೆಕ್ಸ್ ಜೆಟ್ಟಿನ ಸಂಖ್ಯೆ ತೂತಿನ ವ್ಯಾಸ, ಮಿಲಿಮೀಟರಿನ ನೂರನೇ ಭಾಗದಲ್ಲಿ. 125 ಇದ್ದರೆ 130 ಹಾಕಿ: ವ್ಯಾಸ ಶೇ. 4 ಹೆಚ್ಚಿದರೆ ತೂತಿನ ವಿಸ್ತೀರ್ಣ ಶೇ. 8 ಹೆಚ್ಚುತ್ತದೆ, ಬೇಕಾದದ್ದು ಅಷ್ಟೇ. ಎಸ್‌ಯು ಆದರೆ ಜೆಟ್ ನಟ್ಟನ್ನು ಒಂದು ಮುಖದಷ್ಟು ಕೆಳಗೆ ಇಳಿಸಿ ಓಡಿಸಿ ನೋಡಿ.

ದೊಡ್ಡ ತಲೆನೋವು ಜೆಟ್ ಅಲ್ಲ, ನೀರು ಮತ್ತು ರಬ್ಬರು. ಎಥೆನಾಲ್ ತೇವ ಎಳೆದುಕೊಳ್ಳುತ್ತದೆ. ಮಿತಿ ಮೀರಿದಾಗ ನೀರು, ಎಥೆನಾಲ್ ಎರಡೂ ಸೇರಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪೈಪು ಎಳೆಯುವುದು ತಳದಿಂದಲೇ. ಮಳೆಗಾಲದ ಮೂರು ತಿಂಗಳು ಶೆಡ್ಡಿನಲ್ಲಿ ಅರ್ಧ ಟ್ಯಾಂಕ್ ಇಟ್ಟು ನಿಲ್ಲಿಸಿದ ಗಾಡಿ ಶ್ರಾವಣದಲ್ಲಿ ಸ್ಟಾರ್ಟ್ ಆಗದಿರುವುದಕ್ಕೆ ಇದೇ ಕಾರಣ. ಟ್ಯಾಂಕಿನ ಡ್ರೈನ್ ಬೋಲ್ಟ್ ಬಿಚ್ಚಿ ಅರ್ಧ ಲೀಟರ್ ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಡಿ. ಕೆಳಗೆ ಬೇರೆ ಪದರ ಕಂಡರೆ ಇಡೀ ಟ್ಯಾಂಕ್ ಖಾಲಿ ಮಾಡಿ. ಮೇಲಿನದನ್ನು ಉಳಿಸಿಕೊಳ್ಳುವ ಆಸೆ ಬೇಡ, ಅದರ ಆಕ್ಟೇನ್ ಇಳಿದಿರುತ್ತದೆ. ತುಂಬ ದಿನ ನಿಲ್ಲಿಸುವುದಿದ್ದರೆ ಟ್ಯಾಂಕ್ ಒಂದೋ ಪೂರ್ತಿ ತುಂಬಿರಬೇಕು, ಒಂದೋ ಪೂರ್ತಿ ಖಾಲಿ ಇರಬೇಕು.

ಹಳೆ ಹೋಸು ಒಳಗಿನಿಂದ ಉಬ್ಬಿ ದಾರಿ ಕಿರಿದಾಗುತ್ತದೆ, ಪಂಪಿನ ಡಯಾಫ್ರಮ್ ಮೆತ್ತಗಾಗುತ್ತದೆ. ಎಥೆನಾಲ್ ತಡೆಯುವ ಹೋಸು, ಡಯಾಫ್ರಮ್ ಕೇಳಿ ತನ್ನಿ. ಎಥೆನಾಲ್ ಟ್ಯಾಂಕಿನ ಹಳೆ ಅಂಟನ್ನೂ ಕರಗಿಸುವುದರಿಂದ ಮೊದಲ ಕೆಲವು ಟ್ಯಾಂಕಿಗೆ ಫಿಲ್ಟರ್ ಬೇಗ ಕಟ್ಟುತ್ತದೆ.

ಪಂಪ್ ಹೋಗಿದೆಯಾ ಅಂತ ನೋಡೋದು ಹೇಗೆ?

ಕಾಯಿಲ್‌ಗೆ ಬರುವ ಇಗ್ನಿಷನ್ ವೈರು ಕಳಚಿ, ಕಾರ್ಬೊರೇಟರ್ ಕಡೆಯ ಪೈಪು ಬಿಚ್ಚಿ ಬಾಟಲಿಗೆ ಹಿಡಿದು ಸೆಲ್ಫ್ ಹೊಡೆಸಿ. ಪ್ರತಿ ಎರಡು ಸುತ್ತಿಗೆ ಒಂದು ಗಟ್ಟಿ ಚಿಮ್ಮು ಬರಬೇಕು. ಅರ್ಧ ನಿಮಿಷಕ್ಕೆ ಕಾಲು ಲೀಟರ್ ಹತ್ತಿರ ಬಂದರೆ ಪಂಪು ಚೆನ್ನಾಗಿದೆ. ಗುಳ್ಳೆ ಬಂದರೆ ಪಂಪಿಗಿಂತ ಹಿಂದೆ ಎಲ್ಲೋ ಗಾಳಿ ಎಳೆಯುತ್ತಿದೆ, ಹೋಸಿನ ಬಿರುಕು ಅಥವಾ ಸೆಡಿಮೆಂಟ್ ಬಟ್ಟಲಿನ ಕಾರ್ಕ್ ವಾಷರ್ ನೋಡಿ.

ಡಯಾಫ್ರಮ್ ತೂತಾದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ, ಲೆವೆಲ್ ಏರಿದೆಯೇ ನೋಡಿ. ಏರಿದ್ದರೆ ಗಾಡಿಯನ್ನು ಒಂದು ಕಿಲೋಮೀಟರೂ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ, ಕ್ರ್ಯಾಂಕ್‌ಕೇಸಿನ ಆವಿಗೆ ಬೆಂಕಿ ಹತ್ತುವ ಭಯವೂ ಇದೆ. ಪಂಪು ಕೆಟ್ಟಾಗ ಕ್ಯಾನನ್ನು ಮೇಲೆ ಕಟ್ಟಿ ಹೋಸು ಬಿಟ್ಟುಕೊಂಡು ಬರುವ ಪದ್ಧತಿ ಹಳೆಯದು. ಗಾಡಿ ಹೊತ್ತಿ ಉರಿಯುವುದು ಹಾಗೆಯೇ, ಎಳೆಸಿಕೊಂಡು ಬನ್ನಿ.

ಸ್ಲೋ ಸ್ಪೀಡ್ ನಿಲ್ಲೋದೇ ಇಲ್ಲ. ರೇಸ್ ಕೊಟ್ರೆ ಚೆನ್ನಾಗಿ ಓಡ್ತದೆ

ಓಡುವಾಗ ಚೆನ್ನಾಗಿದ್ದು ನಿಂತಾಗ ಸಾಯುತ್ತದೆ ಎಂದರೆ ಐಡಲ್ ಜೆಟ್ ಕಟ್ಟಿದೆ ಇಲ್ಲವೇ ಎಲ್ಲೋ ಗಾಳಿ ಒಳಗೆ ಬರುತ್ತಿದೆ. ಸೋಲೆಕ್ಸಿನಲ್ಲಿ ಐಡಲ್ ಜೆಟ್ ಹೊರಗಿನಿಂದಲೇ ಬಿಚ್ಚಬಹುದು. ಬೆಳಕಿಗೆ ಹಿಡಿದರೆ ದುಂಡನೆ ತೂತು ಕಾಣಬೇಕು. ತಂತಿ, ಸೂಜಿ ಹಾಕಬೇಡಿ, ತೂತು ದೊಡ್ಡದಾದರೆ ಮತ್ತೆ ಸರಿಹೋಗದು. ಗಾಳಿ ಹೊಡೆಸಿ, ಇಲ್ಲವೇ ಪ್ಲಾಸ್ಟಿಕ್ ಬ್ರಷ್ಷಿನ ಒಂದು ಎಳೆ ಹಾಕಿ. ಎಸ್‌ಯುಗೆ ಬೇರೆ ಐಡಲ್ ಜೆಟ್ ಇಲ್ಲ. ಅದರಲ್ಲಿ ಪಿಸ್ಟನ್ ಎತ್ತಿ ಬಿಟ್ಟಾಗ ಟಕ್ ಎಂದು ಬೀಳುತ್ತದೆಯೇ, ಡ್ಯಾಶ್‌ಪಾಟಿನಲ್ಲಿ 20 ಗ್ರೇಡಿನ ಆಯಿಲ್ ಇದೆಯೇ ನೋಡಿ.

ಗಾಳಿ ಸೋರುವುದನ್ನು ಹಿಡಿಯಲು ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಜೋಡಣೆ, ವೈಪರ್ ಅಥವಾ ಬೂಸ್ಟರಿಗೆ ಹೋಗುವ ಹೋಸು, ಇವುಗಳ ಮೇಲೆ ಒಂದೊಂದಾಗಿ ಸಾಬೂನು ನೀರು ಚಿಮುಕಿಸಿ. ಎಂಜಿನ್ನಿನ ಸದ್ದು ಬದಲಾದ ಕಡೆ ಸೋರಿಕೆ. ಥ್ರಾಟಲ್ ಶಾಫ್ಟ್ ಅಲುಗಾಡುತ್ತಿದ್ದರೆ ಎಷ್ಟು ಟ್ಯೂನ್ ಮಾಡಿದರೂ ನಿಲ್ಲದು, ಬುಷ್ ಹಾಕಿಸಬೇಕು.

## ಕಿಡಿ

ಬಿಸಿ ಆದ ಮೇಲೆ ಕರೆಂಟ್ ಹೋಗ್ತದೆ ಅಂತ ಗೊತ್ತಾಯ್ತು. ಕಾಯಿಲಾ, ಕಂಡೆನ್ಸರಾ?

ಪಾಯಿಂಟಿನಲ್ಲಿ ಕಿಡಿ ನೋಡಿ. ಕ್ಯಾಪ್ ತೆಗೆದು ಸೆಲ್ಫ್ ಹೊಡೆದಾಗ ಪಾಯಿಂಟ್ ನಡುವೆ ದಪ್ಪ ಹಳದಿ ಕಿಡಿ ಎದ್ದು, ಪ್ಲಗ್ಗಿನಲ್ಲಿ ಏನೂ ಇಲ್ಲದಿದ್ದರೆ ಕಂಡೆನ್ಸರ್ ಹೋಗಿದೆ. ಅದರ ಅಳತೆ 0.2 ಮೈಕ್ರೋಫ್ಯಾರಡ್ ಆಸುಪಾಸು. ಈಗ ಅಂಗಡಿಯಲ್ಲಿ ಸಿಗುವ ಹೊಸ ಕಂಡೆನ್ಸರ್‌ಗಳನ್ನು ನಂಬುವುದು ಕಷ್ಟ, ಓಡುತ್ತಿರುವ ಹಳೆಯದನ್ನು ಹೊಸದು ಸಿಕ್ಕಿತೆಂದು ಬಿಸಾಡಬೇಡಿ.

ಕಾಯಿಲ್‌ಗೆ ಮಲ್ಟಿಮೀಟರ್ ಹಿಡಿಯಿರಿ. ರೆಸಿಸ್ಟರ್ ಇಲ್ಲದ 12 ವೋಲ್ಟ್ ಕಾಯಿಲ್‌ನಲ್ಲಿ ಎರಡು ಸಣ್ಣ ಟರ್ಮಿನಲ್ ನಡುವೆ 3ರಿಂದ 4 ಓಮ್ ಬರಬೇಕು. ತಣ್ಣಗಿರುವಾಗಿನ ಅಳತೆಯಿಂದ ಬಿಸಿಯ ದೋಷ ತಿಳಿಯದು, ಗಾಡಿ ನಿಂತ ಕೂಡಲೇ ನೋಡಬೇಕು. 1.5 ಓಮ್ ಬಂದರೆ ಅದು ರೆಸಿಸ್ಟರ್ ಜೊತೆ ಹಾಕಬೇಕಾದ ಕಾಯಿಲ್. ನೇರ 12 ವೋಲ್ಟ್ ಕೊಟ್ಟಿರುವುದರಿಂದಲೇ ಅದು ಕಾಯುತ್ತಿದೆ, ಪಾಯಿಂಟೂ ಸುಡುತ್ತಿದೆ. ಅಂಗಡಿಯವರು ಎರಡೂ ಒಂದೇ ಎಂದು ಕೊಡುತ್ತಾರೆ.

ಇಷ್ಟೂ ಸರಿ ಇದ್ದರೆ ಪಾಯಿಂಟ್ ಮುಚ್ಚಿರುವಾಗ ಕಾಯಿಲ್‌ನ ಬ್ಯಾಟರಿ ಕಡೆಯ ಟರ್ಮಿನಲ್ಲಿನ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯ ವೋಲ್ಟೇಜಿಗಿಂತ 1 ವೋಲ್ಟಿಗೂ ಮೀರಿ ಇಳಿದಿದ್ದರೆ ಇಗ್ನಿಷನ್ ಸ್ವಿಚ್ಚು ಅಥವಾ ತುಕ್ಕು ಹಿಡಿದ ಜೋಡಣೆಯಲ್ಲಿ ಸೋರುತ್ತಿದೆ. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ನಮ್ಮ ತೇವದಲ್ಲಿ ಹಸಿರುಗಟ್ಟಿ ಪುಡಿಯಾಗುತ್ತದೆ, ಅದನ್ನೂ ಬಿಚ್ಚಿ ಉಜ್ಜಿ ಹಾಕಿ.

ಟೈಮಿಂಗ್ ಸರಿ ಇದೆ ಅಂತಾರೆ. ಆದ್ರೂ ಏರಲ್ಲಿ ದಮ್ಮಿಲ್ಲ

ನಿಂತಲ್ಲಿ ಟೈಮಿಂಗ್ ಸರಿ ಇರಬಹುದು, ವೇಗ ಹೆಚ್ಚಿದಾಗ ಮುಂದೆ ಸರಿಯುತ್ತಿದೆಯೇ? ಪಾಯಿಂಟ್ ಪ್ಲೇಟಿನ ಕೆಳಗಿನ ಎರಡು ತೂಕಗಳು ತುಕ್ಕಿಗೆ ಅಂಟಿಕೊಂಡರೆ ಸರಿಯುವುದಿಲ್ಲ. ರೋಟರನ್ನು ಬೆರಳಲ್ಲಿ ಅದು ತಿರುಗುವ ದಿಕ್ಕಿಗೆ ತಿರುಚಿ ಬಿಡಿ. ಸ್ಪ್ರಿಂಗಿನಲ್ಲಿ ತಾನಾಗಿ ವಾಪಸ್ಸು ಬರಬೇಕು. ಬಾರದಿದ್ದರೆ ಪ್ಲೇಟ್ ಬಿಚ್ಚಿ, ತೊಳೆದು, ತೆಳು ಎಣ್ಣೆ ಎರಡು ತೊಟ್ಟು ಬಿಡಿ. ಎಂಜಿನ್ನಿನ ಗಾಳಿ ಎಳೆತದಿಂದ ಟೈಮಿಂಗ್ ಸರಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಇದ್ದರೆ ಅದರ ಪೈಪನ್ನು ಬಾಯಲ್ಲಿ ಎಳೆದು ನಾಲಿಗೆಯಲ್ಲಿ ಮುಚ್ಚಿ, ಎಳೆತ ನಿಲ್ಲದಿದ್ದರೆ ಡಯಾಫ್ರಮ್ ಹರಿದಿದೆ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸ್ಲಾ?

ಶಿವಮೊಗ್ಗದೊಳಗೆ ಓಡಿಸುವವರಿಗೆ ಒಳ್ಳೆಯದೇ. ಕಾಡುದಾರಿಯಲ್ಲಿ ಓಡುವ ಜೀಪಿಗಾದರೆ ಹಳೆ ಪ್ಲೇಟು, ಪಾಯಿಂಟು, ಕಂಡೆನ್ಸರ್ ಸಮೇತ ಡಬ್ಬಿಯಲ್ಲಿಟ್ಟುಕೊಂಡಿರಿ. ಪಾಯಿಂಟ್ ಕೆಡುವಾಗ ಮುನ್ಸೂಚನೆ ಕೊಡುತ್ತದೆ, ಎಲೆಕ್ಟ್ರಾನಿಕ್ ಮಾಡ್ಯೂಲ್ ಕೊಡುವುದಿಲ್ಲ.

## ಎಂಜಿನ್ನಿನೊಳಗೆ

ಎಲ್ಲ ಬದಲಾಯ್ಸಿ ಆಯ್ತು, ಪವರ್ ಬರ್ಲೇ ಇಲ್ಲ. ಎಂಜಿನ್ ಬಿಚ್ಚಬೇಕಾ?

ಬಿಚ್ಚುವ ಮೊದಲು ಟ್ಯಾಪೆಟ್ (ವಾಲ್ವಿನ ಸಂದು) ನೋಡಿ. ಎಫ್-ಹೆಡ್ ಜೀಪಿನಲ್ಲಿ ತಣ್ಣಗಿರುವಾಗ ಇನ್‌ಟೇಕ್ 18 ಥೌ, ಎಕ್ಸಾಸ್ಟ್ 16 ಥೌ. ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ಬ್ಲಾಕಿನ ಬದಿಯಲ್ಲಿ. ಪಕ್ಕದ ಮುಚ್ಚಳ ಬಿಚ್ಚುವ ಸೋಮಾರಿತನಕ್ಕೆ ಎಕ್ಸಾಸ್ಟನ್ನು ಬಿಟ್ಟುಬಿಡುವವರೇ ಹೆಚ್ಚು. ಅಂಬಾಸಿಡರಿಗೆ ಎರಡೂ 15 ಥೌ.

ಅಂಬಾಸಿಡರಿನಲ್ಲಿ ಟ್ಯಾಪೆಟ್ ಪದೇ ಪದೇ ಬಿಗಿಯಾಗುತ್ತಿದ್ದರೆ ಎಕ್ಸಾಸ್ಟ್ ವಾಲ್ವ್ ಸೀಟು ಸವೆದು ವಾಲ್ವ್ ಹೆಡ್ಡಿನೊಳಗೆ ಇಳಿಯುತ್ತಿದೆ. ಬೀಡುಕಬ್ಬಿಣದ ಆ ಹೆಡ್ ಮಾಡಿದ್ದು ಸೀಸದ ಪೆಟ್ರೋಲಿಗೆ, ದೇಶದಲ್ಲಿ ಅದು ನಿಂತದ್ದು 2000ದ ಫೆಬ್ರವರಿಯಲ್ಲಿ. ಹೆಡ್ ಕೆಲಸಕ್ಕೆ ಇಳಿಸಿದಾಗ ಗಟ್ಟಿ ಸೀಟ್ ಇನ್ಸರ್ಟ್ ಹಾಕಿಸಿಬಿಡಿ.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಏರುವ ಒತ್ತಡ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಅಳೆಯಿರಿ. ಆರೋಗ್ಯವಾಗಿರುವ ಜೀಪಿನಲ್ಲಿ 120 ಪಿಎಸ್‌ಐ ಆಸುಪಾಸು. ಅಂಕಿಗಿಂತ ಸಮ ಇರುವುದು ಮುಖ್ಯ: ಅತಿ ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಶೇ. 15ಕ್ಕಿಂತ ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್, ಅಕ್ಕಪಕ್ಕದ ಎರಡರಲ್ಲೂ ಕಡಿಮೆ ಇದ್ದರೆ ಆ ಎರಡರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ.

ಸೈಲೆನ್ಸರ್ ಕಟ್ಟಿದ್ರೂ ಪವರ್ ಹೋಗ್ತದಾ?

ಖಂಡಿತ. ಒಳಗಿನ ತಗಡು ತುಕ್ಕು ಹಿಡಿದು ಬಿದ್ದು ಬಾಯಿಗೆ ಅಡ್ಡ ಕೂರುತ್ತದೆ. ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿ. ಸಮುದ್ರ ಮಟ್ಟದಲ್ಲಿ ಐಡಲಿಗೆ 17ರಿಂದ 21 ಇಂಚು, ಆಗುಂಬೆ ಎತ್ತರದಲ್ಲಿ ಎರಡು ಇಂಚು ಕಡಿಮೆ. ಎಂಜಿನ್ನನ್ನು 2500 ಆರ್‌ಪಿಎಂಗೆ ಏರಿಸಿ ಹಾಗೇ ಹಿಡಿದಾಗ ಮುಳ್ಳು ಮೆಲ್ಲಗೆ ಇಳಿಯುತ್ತಲೇ ಹೋದರೆ ದಾರಿ ಕಟ್ಟಿದೆ.

ರೇಸ್ ಕೊಟ್ರೆ ಎಂಜಿನ್ ಚೆನ್ನಾಗಿ ಕೂಗ್ತದೆ, ಗಾಡಿ ಮಾತ್ರ ಮುಂದೆ ಹೋಗಲ್ಲ

ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸಮತಟ್ಟಿನಲ್ಲಿ ಗಾಡಿ ತಾನಾಗಿ ಉರುಳದಿದ್ದರೆ ಬ್ರೇಕ್ ಹಿಡಿದಿದೆ: ಹತ್ತು ಕಿಲೋಮೀಟರ್ ಓಡಿಸಿ ನಾಲ್ಕೂ ಡ್ರಮ್ಮಿನ ಹತ್ತಿರ ಕೈ ಒಯ್ಯಿರಿ, ಯಾವುದು ಕಾದಿದೆಯೋ ಅದೇ. ಜೀಪಾದರೆ ಫೋರ್ ವೀಲ್ ಲಿವರ್ ಹಾಕಿಯೇ ಟಾರು ರಸ್ತೆಗೆ ಬಂದಿದ್ದೀರಾ ನೋಡಿ.

ನಮ್ಮದು ಎಂಎಂ 540, ಡೀಸೆಲ್ ಜೀಪು. ಇದರಲ್ಲಿ ಯಾವುದು ಅನ್ವಯ ಆಗ್ತದೆ?

ಪ್ಯೂಜೊ ಮೂಲದ ಆ 2112 ಸಿಸಿ ಎಂಜಿನ್ನಿಗೆ ಕಿಡಿಯ ಭಾಗ ಬೇಡ. ಟ್ಯಾಂಕಿನ ಗಾಳಿ ತೂತು, ಜಾಲರಿ, ಹೋಸು, ಸೈಲೆನ್ಸರ್, ಟ್ಯಾಪೆಟ್ ಎಲ್ಲ ಅನ್ವಯ, ಟ್ಯಾಪೆಟ್ ಅಳತೆ ಮಾತ್ರ ಅದರದ್ದೇ ಬೇರೆ. ಏರಿನಲ್ಲಿ ಸೊರಗಿದರೆ ಮೊದಲು ಡೀಸೆಲ್ ಫಿಲ್ಟರ್ ಬದಲಾಯಿಸಿ, ತಳದ ಬೋಲ್ಟ್ ಬಿಚ್ಚಿ ನೀರು ಇಳಿಸಿ. ಆಮೇಲೆ ಗಾಳಿ ತೆಗೆಯಬೇಕು: ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಬಿಗಿ ಮಾಡಿ, ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಹಾಗೇ ಮಾಡಿ. ಮರುದಿನ ಬೆಳಿಗ್ಗೆ ಮತ್ತೆ ಗಾಳಿ ಸೇರಿದ್ದರೆ ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಸೋರಿಕೆ ಇದೆ. ಡೀಸೆಲ್ ಹೊರಗೆ ಒಸರದಿದ್ದರೂ ಅಲ್ಲಿ ಗಾಳಿ ಒಳಗೆ ಹೋಗುತ್ತಿರುತ್ತದೆ, ಪ್ರತಿ ಜೋಡಣೆಯ ತಾಮ್ರದ ವಾಷರ್ ಹೊಸದು ಹಾಕಿ.